ಮಾನಮ್ಮ ಸೌಟು ಹಾಕಿದ ದಿನ

ಮಾನಮ್ಮ ಸಿಟ್ಟು ಬಂದರೆ ಬೈಯುವುದಿಲ್ಲ, ಪಾತ್ರೆ ತಿಕ್ಕುತ್ತಾಳೆ. ಬುದ್ಧ ಪೂರ್ಣಿಮೆಯ ಬೆಳಿಗ್ಗೆ ವಿಹಾರದ ಹಿತ್ತಲಲ್ಲಿ ಕೂತು ಅದೇ ಕೊಡವನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಮೈಮೇಲೆ ಹೊಸ ಬಿಳಿ ಸೀರೆ, ಮೊಣಕೈ ತನಕ ಬೂದಿ. ಗಂಡ ತಾಯಣ್ಣ ದೂರದಿಂದಲೇ ನೋಡಿ, ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಎಂದುಕೊಂಡು ಸುಮ್ಮನೆ ಬೇವಿನ ಗಿಡದ ಕಡೆ ಹೋದ.

ಸಿಟ್ಟಿನ ಕಾರಣ ಹೇಳಬೇಕೆಂದರೆ ಅಡಿಗೆಮನೆಯಿಂದ ಶುರು ಮಾಡಬೇಕು. ಮಾನ್ವಿಯಿಂದ ಒಂದಿಷ್ಟು ದೂರ, ಡಾಂಬರು ರಸ್ತೆ ಬಿಟ್ಟು ಒಳಗೆ, ಕೂಲಿ ಮಾಡುವ ಬೌದ್ಧ ಕುಟುಂಬಗಳೂ ಓದಿ ನೌಕರಿ ಹಿಡಿದ ಅವರ ಮಕ್ಕಳೂ ಸೇರಿ, ಊರಿನ ಮೇಲು-ಕೀಳು ಸಾಕಾಗಿ ಹೊರಬಂದು, ಒಂದು ಹೊಲ ಹಿಡಿದಿದ್ದರು. ಕೂಡಿ ದುಡಿಯಬೇಕು, ಕೂಡಿ ವಂದನೆ ಮಾಡಬೇಕು, ಕೂಡಿ ಉಣ್ಣಬೇಕು ಎಂಬುದು ಮಾತು. ವಿಹಾರಕ್ಕಿಂತ ಮೊದಲು ಎದ್ದು ನಿಂತದ್ದು ಅಡಿಗೆಮನೆ. ಅದು ಮಾನಮ್ಮನ ಹಟ. "ಬುದ್ಧಗ ಗಿಡದ ಕೆಳಗ ಕುಂತು ರೂಢಿ ಅದ. ಹಸಿದ ಹುಡುಗ್ರಿಗೆ ಇಲ್ಲ" ಎಂದಿದ್ದಳು. ಅದರ ಗೋಡೆಯ ಮೇಲೆ ಆಕೆಯ ಅಕ್ಕನ ಮಗ ವಿನೋದ ನೀಲಿ ಬಣ್ಣದಲ್ಲಿ 'ಎಲ್ಲರಿಗೂ ಒಂದೇ ಒಲೆ' ಎಂದು ದೊಡ್ಡದಾಗಿ ಬರೆದ. ಮಾನಮ್ಮನಿಗೆ ಓದು ಬಾರದು. ಆದರೂ ಬಂದುಹೋದವರಿಗೆಲ್ಲ ಆ ಸಾಲಿನ ಮೇಲೆ ಬೆರಳಾಡಿಸಿ ಓದಿ ತೋರಿಸುತ್ತಿದ್ದಳು.

ಗಬ್ಬೂರಿನಲ್ಲಿ ಹುಟ್ಟಿ ಮಾನ್ವಿ ಕಡೆ ಲಗ್ನವಾಗಿ ಬಂದವಳು. ಕಾಲುವೆ ನೀರಿನ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನೆಲ್ಲು ನಾಟಿ ಮಾಡುವುದರಲ್ಲೇ ವಯಸ್ಸು ಕಳೆಯಿತು. ಮಧ್ಯಾಹ್ನ ಮಾಲೀಕರ ಮನೆಯಿಂದ ಬುತ್ತಿ ಬಂದರೆ ರೊಟ್ಟಿ ಮೇಲಿಂದ ಸೆರಗಿಗೆ ಬೀಳುತ್ತಿತ್ತು, ನೀರು ಮೇಲಿಂದ ಬೊಗಸೆಗೆ. ಆಕೆ ನಾಟಿ ಮಾಡಿದ ನೆಲ್ಲು ಊರಿಗೆಲ್ಲ ಬೇಕು, ಆಕೆ ಬೇಯಿಸಿದ ಅನ್ನ ಮಾತ್ರ ಯಾರಿಗೂ ಬೇಡ. ಇಂಥ ನಾಚಿಕೆಗೇಡನ್ನು ಆಕೆ ಒಂದು ದಿನವೂ ಹಣೆಬರಹ ಅಂದವಳಲ್ಲ. ಅದಕ್ಕೇ ಆ ಅಡಿಗೆಮನೆಯ ಇಟ್ಟಿಗೆ ಹೊತ್ತಾಗ ಆಕೆಗೆ ತಲೆ ನೋಯಲಿಲ್ಲ. ಗೋಡೆ ಏಳುವ ತನಕ ಮೂರು ಕಲ್ಲು ಹೂಡಿ ಎಲ್ಲರಿಗೂ ಬೇಯಿಸಿ ಹಾಕಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಹಬ್ಬಕ್ಕೆ ಗೋಧಿ ಹುಗ್ಗಿ. ಎರಡನೇ ಸಲ ಬಡಿಸದೆ ಯಾರನ್ನೂ ಏಳಗೊಟ್ಟವಳಲ್ಲ.

ವಿನೋದ ದೊಡ್ಡವನಾದದ್ದೂ ಅದೇ ಕೈಯ ಊಟದಿಂದ. ಅವನು ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಮಾನ್ವಿಯ ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಈಗ ಅಲ್ಲೇ ಕಾಲೇಜಿನಲ್ಲಿ ಲೆಕ್ಚರರ್. ವಿಹಾರದ ಕಾರ್ಯದರ್ಶಿಯೂ ಅವನೇ, ಭಾನುವಾರ ಕಾರಿನಲ್ಲಿ ಬಂದು ಹೋಗುತ್ತಾನೆ.

ವಿಹಾರದ ಉದ್ಘಾಟನೆ ಪೂರ್ಣಿಮೆಗೆ ಎಂದು ಗೊತ್ತಾದ ಮೇಲೆ ಅವನು ಬಂದು, "ಚಿಗವ್ವ, ಈ ಸಲ ನೀ ಒಲಿ ಮುಂದ ಬೇಯಬ್ಯಾಡ. ಬಿಳಿ ಸೀರಿ ಉಟಗೊಂಡು ಮುಂದ ಕುಂದ್ರು" ಎಂದ. ಹುಚ್ಚಿ, ಮರ್ಯಾದೆ ಕೊಡುತ್ತಿದ್ದಾನೆ ಎಂದು ಹಿಗ್ಗಿಬಿಟ್ಟಳು. ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಪೂರ್ಣಿಮೆಯ ಬೆಳಿಗ್ಗೆ ಹುಗ್ಗಿಯ ಹದ ನೋಡೋಣವೆಂದು ಅಡಿಗೆಮನೆಗೆ ಹೋದರೆ ಒಳಗೆ ವಿನೋದ ಟೆಂಪೋದಲ್ಲಿ ಕರೆಸಿದ ಪಕ್ಕದ ಊರಿನ ಅಡಿಗೆಯವನಿದ್ದ. ಅವನು ಕೈ ಅಡ್ಡ ಹಿಡಿದ. "ಹೊಸ್ತಿಲ ದಾಟಬ್ಯಾಡಬೇ. ನಿಮ್ಮೋರು ಯಾರೂ ಒಲಿ ಹತ್ರ ಬರಂಗಿಲ್ಲಂತ ವಿನೋದ ಸರ್ ಮಾತು ಕೊಟ್ಟಾರ."

ತಾನು ಇಟ್ಟಿಗೆ ಹೊತ್ತ ಮನೆಯ ಹೊಸ್ತಿಲು. ಆಕೆ ನೇರ ವಿನೋದನ ಹತ್ತಿರ ಹೋದಳು.

"ನಮ್ಮ ದಾರಿ ಆ ಊರವರ ಹೊಲದಾಗ ಹಾದು ಬರ್ತದ ಚಿಗವ್ವ" ಎಂದ ಅವನು, ದನಿ ತಗ್ಗಿಸಿ. "ವಿರೂಪಣ್ಣ ಆ ಊರಿನ ಹಿರಿಯರು. ಅವರು ಇಲ್ಲಿ ಉಂಡು ಹೋದ್ರ ದಾರಿ ತಕರಾರು ಮುಗೀತದ. ನೀ ಮಾಡಿದ್ರ ಅವರು ಉಣ್ಣಂಗಿಲ್ಲ. ಒಂದು ದಿನದ ಮಾತು. ಮೊದಲ ಪಂಕ್ತಿ ಅವರದಾಗಲಿ, ಆಮ್ಯಾಲ ನಮ್ಮೋರು."

"ಗ್ವಾಡಿ ಮ್ಯಾಲ ಬರದೀಯಲ್ಲ, ಅದನ್ನ ಒಂದು ದಿನದ ಮಟ್ಟಿಗೆ ಅಳಸ್ತಿಯೇನು?"

"ಅದು ಬ್ಯಾರೆ, ಇದು ಬ್ಯಾರೆ."

ಈ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ. ಯಾವುದಕ್ಕೆ ಊರು ಬಿಟ್ಟು ಬಂದರೋ ಅದನ್ನೇ ಟೆಂಪೋದಲ್ಲಿ ಕೂರಿಸಿಕೊಂಡು ಕರೆತಂದು, ಅಡಿಗೆಮನೆಯ ಬೀಗದ ಕೈಯನ್ನೂ ಕೊಟ್ಟು, ಅದು ಬೇರೆಯಂತೆ. ಮಾನಮ್ಮ ಹಿತ್ತಲಿಗೆ ಹೋಗಿ ಕೊಡ ತಿಕ್ಕಲು ಕೂತಳು.

ಮಧ್ಯಾಹ್ನ ಶಾಮಿಯಾನದ ಕೆಳಗೆ ಪಂಕ್ತಿ ಕೂತಿತು. ಮುಂದೆ ವಿರೂಪಣ್ಣ ಮತ್ತು ಅವನ ಊರಿನವರು. ಹೊಲ ಹಸನು ಮಾಡಿದವರು, ಗೋಡೆ ಕಟ್ಟಿದವರು ಬಿಸಿಲಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ವಿರೂಪಣ್ಣ ಪತ್ರಾವಳಿಗೆ ನೀರು ಚಿಮುಕಿಸುತ್ತ ಕೇಳಿದ: "ಅಡಿಗಿ ಯಾರ್ದಪಾ?"

"ನಿಮ್ಮೋರದೇರಿ" ಎಂದ ವಿನೋದ, ನಗುತ್ತ. "ನಮ್ಮೋರು ಒಬ್ಬರೂ ಒಳಗ ಹೋಗಿಲ್ಲ."

ಹಿತ್ತಲಿನಿಂದ ಎದ್ದು ಬಂದಿದ್ದ ಮಾನಮ್ಮ ಆ ನಗು ನೋಡಿದಳು. ತಾನು ದಿನಾ ಬಳಸುವ ಕಟ್ಟಿಗೆಯ ಸೌಟು ಹೊರಗೋಡೆಯ ಗೂಟಕ್ಕಿತ್ತು. ಅದನ್ನು ತಗೊಂಡು ಅಡಿಗೆಮನೆಯ ಹೊಸ್ತಿಲು ದಾಟಿದಳು. ಅಡಿಗೆಯವನು ಎದ್ದ. "ಸರೀಪಾ" ಎಂದಳು, ಅಷ್ಟೇ. ಅವನು ಸರಿದ. ಹುಗ್ಗಿಯ ಕೊಪ್ಪರಿಗೆಗೆ ಸೌಟು ಇಳಿಸಿ ತಳದಿಂದ ತಿರುವಿದಳು, ಅಂಗೈಗೆ ಒಂದಿಷ್ಟು ಹಾಕಿಕೊಂಡು ರುಚಿ ನೋಡಿದಳು. ಬಕೆಟ್ಟಿಗೆ ತುಂಬಿಕೊಂಡು ಹೊರಗೆ ಬಂದು ವಿರೂಪಣ್ಣನ ಮುಂದೆ ನಿಂತಳು.

"ನನ್ನ ಸೌಟು ಬಿದ್ದದ ಇದರಾಗ. ಉಣ್ತೀರೇನು, ಬಡಸ್ಲಿ?"

ವಿರೂಪಣ್ಣ ಆಕೆಯ ಮುಖ ನೋಡಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತ ಎದ್ದ. ಪಕ್ಕದವನಿಗೆ ಆಗಲೇ ಫೋನು ಬಂತು. ಇನ್ನೊಬ್ಬನಿಗೆ ಮನೆಯಲ್ಲಿ ಕೆಲಸ ನೆನಪಾಯಿತು. ಒಂದು ಅಗುಳೂ ಮುಟ್ಟದ ಕೈಗಳನ್ನು ತೊಳೆದುಕೊಂಡು, ಅವರೆಲ್ಲ ಗೇಟಿನ ಹತ್ತಿರ ಜೀಪು ಕಾಯುತ್ತ ನಿಂತರು.

"ಎಲ್ಲಾ ಕೆಡಿಸಿಬಿಟ್ಟಿ ಚಿಗವ್ವ" ಎಂದ ವಿನೋದ. "ನಾಳಿ ದಾರಿಗೆ ಮುಳ್ಳು ಹಚ್ತಾರ."

"ಹಚ್ಚಲಿ. ಕಿತ್ತು ಬರ್ತೀವಿ."

ಆಗ ತಾಯಣ್ಣ ಬಿಸಿಲಿನಿಂದ ಒಳಗೆ ಬಂದ. ಜನ್ಮದಲ್ಲಿ ಯಾವ ಪಂಕ್ತಿಯಲ್ಲೂ ಮುಂದೆ ಕೂತವನಲ್ಲ. ಟವಲು ಕೊಡವಿ ವಿರೂಪಣ್ಣ ಬಿಟ್ಟುಹೋದ ಜಾಗದಲ್ಲೇ ಕೂತು ಪತ್ರಾವಳಿ ಎಳೆದುಕೊಂಡ. ಅವನ ಹಿಂದೆ ಉಳಿದವರೂ ಬಂದು ಕೂತರು. ಒಂದೇ ಒಂದು ಎಲೆ ಖಾಲಿ ಉಳಿಯಿತು.

"ಕುಂದ್ರು" ಎಂದಳು ಮಾನಮ್ಮ ವಿನೋದನಿಗೆ.

ಅವನು ಗೇಟಿನ ಕಡೆ ನೋಡಿದ. ಅಲ್ಲಿಂದ ವಿರೂಪಣ್ಣ ಇತ್ತಲೇ ನೋಡುತ್ತಿದ್ದ. "ನಾ ನಿನ್ನ ಕೈದು ಉಂಡಿಲ್ಲೇನು ಚಿಗವ್ವ? ಸಣ್ಣಾವ ಇದ್ದಾಗಿಂದ ಉಂಡೀನಲ್ಲ."

"ಆಗ ಅವರ್ಯಾರೂ ನೋಡಾಕತ್ತಿದ್ದಿಲ್ಲ."

ವಿನೋದ ಕೂತ. ಆಕೆ ಒಂದು ಸೌಟು ಬಡಿಸಿದಳು. ತಲೆ ಎತ್ತದೆ ಉಂಡ, ಎಲೆ ಬಳಿದು ಉಂಡ. ಜೀಪು ಹೊರಟುಹೋದ ಮೇಲೂ ಖಾಲಿ ಎಲೆಯ ಮುಂದೆ ಕೂತೇ ಇದ್ದ. ಮಾನಮ್ಮ ಬಕೆಟ್ಟು ಹಿಡಿದು ಎರಡನೇ ಸಲ ಬಂದಳು. ತಾಯಣ್ಣನಿಗೆ ಬಡಿಸಿದಳು, ಅವನಾಚೆಯವರಿಗೆ ಬಡಿಸಿದಳು. ವಿನೋದನ ಎಲೆ ಬಂದಾಗ ನಿಲ್ಲದೆ ಮುಂದೆ ಹೋದಳು.