ಒಣ ಕಟ್ಟಿಗೆ

ಆಗ ರಾಯಬಾಗದ ನಮ್ಮ ಓಣಿಗೆ ಗ್ಯಾಸ್ ಬಂದಿರಲಿಲ್ಲ. ಎಳ್ಳಮಾವಾಸ್ಯೆಯ ಚಳಿಗೆ ಮನೆ ಬೆಚ್ಚಗಿರುತ್ತಿದ್ದದ್ದು ಊರಾಚೆಯ ಕೇರಿಯಿಂದ ಒಬ್ಬಳು ಹೊತ್ತು ತರುತ್ತಿದ್ದ ಜಾಲಿ ಕಟ್ಟಿಗೆಯಿಂದ. ಹೊರೆಯನ್ನು ಅಂಗಳದಾಚೆಗೇ ಇಳಿಸಿ, ಎರಡು ತುಂಡು ಬಡಿದು ಖಣಖಣ ಕೇಳಿಸುತ್ತಿದ್ದಳು. "ಒಣಾ ಅದಾವ್ರಿ ಅವ್ವಾರ."

ಅವಳು ಮುಟ್ಟಿದ ಮೈಲಿಗೆ ಹೋಗಲೆಂದು ಅಜ್ಜಿ ಅದರ ಮೇಲೆ ಕೊಡ ನೀರು ಸುರಿದು, ಬಿಸಿಲಿಗೆ ಆರಿಸಿ ಒಳಗೆ ತರಿಸುತ್ತಿದ್ದಳು.

ಒಮ್ಮೆ ಮೋಡ ಕವಿದು ಥಂಡಿ ಹೆಚ್ಚಿತು. ಕಟ್ಟಿಗೆ ಆರಲಿಲ್ಲ, ಒಲೆ ಹತ್ತದೆ ಮನೆಯೆಲ್ಲ ಹೊಗೆ. ಮರುದಿನ ಅವಳು ಬಂದಾಗ ಅಜ್ಜಿ ಕೆಮ್ಮುತ್ತಲೇ ಕೂಗಿದಳು: "ಹಸಿ ಕಟ್ಟಿಗಿ ತಂದ ಹಾಕೀಯಲ್ಲ, ನಮ್ಮನ್ನ ಹೊಗಿಯಾಗ ಸಾಯಸ್ತೀಯೇನ?"

ಅವಳು ಹೊಸ ಹೊರೆಯಿಂದ ಎರಡು ತುಂಡು ಎತ್ತಿ ಬಡಿದಳು. ಖಣ್ ಎಂದಿತು.

ಅಜ್ಜಿ ಕೇಳಿಸಿಕೊಂಡಳು. ಆಮೇಲೆ ಕೊಡ ತರಲು ಒಳಗೆ ಹೋದಳು.