ಬಾವಿಯ ದಾರಿ ನಾಲ್ಕಡಿ

ಮನೆಯಿಂದ ಬಾವಿಗೆ ಹೋಗುವ ದಾರಿಯ ಕೇಸಿಗಾಗಿ ಅಜ್ಜಿ ಮಾನಂದವಾಡಿ ಕೋರ್ಟಿಗೆ ಹನ್ನೊಂದು ಸಲ ಹೋಗಿದ್ದಳು. ಲೆಕ್ಕ ನನ್ನ ಡೈರಿಯಲ್ಲಿದೆ. ಆ ಶನಿವಾರ ಲೋಕ ಅದಾಲತ್ತೇ ತೋಲ್ಪೆಟ್ಟಿಯ ನಮ್ಮ ಶಾಲೆಗೆ ಬಂತು. ದಾರಿ ಬಿಡಲು ಪಕ್ಕದ ತೋಟದ ಯಜಮಾನರು ಒಪ್ಪಿದರು. ರಾಜಿಪತ್ರ ಮಲಯಾಳಂನಲ್ಲಿತ್ತು. ಯಾರಾದರೂ ಕನ್ನಡದಲ್ಲಿ ಓದಿ ಹೇಳದಿದ್ದರೆ ಅಜ್ಜಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವವಳಲ್ಲ. ನನಗೆ ಎರಡೂ ಭಾಷೆ ಬರುವುದರಿಂದ ನ್ಯಾಯಾಧೀಶರು ರಾಜಿಪತ್ರವನ್ನು ನನ್ನ ಕೈಗೇ ಕೊಟ್ಟರು. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ದಾರಿಯ ಅಗಲ ಎರಡಡಿ ಎಂಬಲ್ಲಿಗೆ ಬಂದೆ.

"ಎರಡಡಿನಾ? ಎರಡು ಕೊಡ ಹಿಡ್ಕೊಂಡು ನಾನೇನು ಅಡ್ಡಡ್ಡ ನಡೀಲಾ?" ಎಂದಳು ಅಜ್ಜಿ.

ಅಜ್ಜಿಯನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಯಜಮಾನರು ನಕ್ಕುಬಿಟ್ಟರು. "ನಾಲ್ಕು ಬರೀರಿ ಸಾರ್. ಚೇಚಿ ಕೊಡ ಒಡೆದ್ರೆ ಅದಕ್ಕೂ ಕೇಸ್ ಹಾಕ್ತಾರೆ."

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಅವರು ಬೇಲಿ ಸರಿಸಿದ ಮೇಲೆ ಟೇಪು ಹಿಡಿದು ಅಳೆದೆ: ನಾಲ್ಕಡಿ ಮೂರಿಂಚು. ಡೈರಿಯಲ್ಲಿ ಆ ಮೂರಿಂಚನ್ನೂ ಬರೆದೆ.