ಅಪ್ಪನ ಬೆಳ್ಳುಳ್ಳಿ ಜಡೆ

ಕುಕ್ಕುಂದೂರಿನ ನಮ್ಮ ಹಿತ್ತಿಲಲ್ಲಿ ಬೆಳ್ಳುಳ್ಳಿ ಬೆಳೆದವಳು ಅಮ್ಮ. ಕೀರ್ತಿ ಮಾತ್ರ ಅಪ್ಪನದು. ನಮ್ಮ ಕಡೆಯ ಸೆಕೆಗೆ ಬೆಳ್ಳುಳ್ಳಿ ಗಡ್ಡೆ ಕಟ್ಟುವುದಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಅಮ್ಮ ಬಾವಿಕಟ್ಟೆಯ ಪಕ್ಕ ಎಸಳು ಊರಿ, ಬೂದಿ ಹಾಕಿ, ದಿನಾ ನೀರು ಹೊಯ್ದಳು. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತ "ಸುಮ್ಮನೆ ನೀರು ದಂಡ" ಎನ್ನುತ್ತಿದ್ದರು. ಗಡ್ಡೆ ಬಂದ ದಿನ ಅದು "ನಮ್ಮ ಬೆಳ್ಳುಳ್ಳಿ" ಆಯಿತು. ವಾರದೊಳಗೆ "ನಾನು ಬೆಳೆದ ಬೆಳ್ಳುಳ್ಳಿ" ಆಯಿತು.

ಅಮ್ಮನ ತವರು ಶಂಕರಪುರ. ಮಲ್ಲಿಗೆ ಕಟ್ಟಿ ಕಟ್ಟಿ ಪಳಗಿದ ಕೈ. ನೆರಳಲ್ಲಿ ಬಾಡಿಸಿದ ಗಿಡಗಳ ಎಲೆಗೆ ನೀರು ಚಿಮುಕಿಸಿ ಮೆದು ಮಾಡಿ, ಮೂರು ಎಳೆಯಾಗಿ ಹೆಣೆಯುತ್ತ, ಹೆಣಿಗೆಗೊಂದು ಗಡ್ಡೆ ಸೇರಿಸುತ್ತ ಉದ್ದದ ಜಡೆ ಮಾಡಿದಳು. ಅದನ್ನು ಒಲೆಯ ಮೇಲೆ, ಹೊಗೆ ತಾಗುವಲ್ಲಿ ತೂಗುಹಾಕುವುದೆಂದು ಅವಳ ಲೆಕ್ಕ. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಬೇಕೆಂದೇ ಅಮ್ಮ ಅಷ್ಟು ಕಷ್ಟಪಟ್ಟದ್ದು.

ಅಪ್ಪ ಜಡೆಯನ್ನು ತಂದು ಜಗಲಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಮೇಷ್ಟ್ರಲ್ಲವೇ, ಪಾಠ ಕೇಳಲು ಜನ ಬೇಕು. ಹಾಲಿನವನಿಗೂ, ಮಣಿಪಾಲದಿಂದ ಬಂದ ನೆಂಟರಿಗೂ ಕೊಡೆಯ ತುದಿಯಿಂದ ಒಂದೊಂದೇ ಗಡ್ಡೆ ತೋರಿಸಿ ಮಣ್ಣಿನ ಗುಣ ವಿವರಿಸುತ್ತಿದ್ದರು. ನೀರು ಯಾವಾಗ ನಿಲ್ಲಿಸಬೇಕೆಂದು ಯಾರಾದರೂ ಕೇಳಿದರೆ ಮಾತ್ರ ಅವರಿಗೆ ಕೆಮ್ಮು ಬರುತ್ತಿತ್ತು.

ಅಕ್ಕ ಹೆತ್ತಳು. ಅಮ್ಮ ಜಡೆಗೆ ಕೈ ಹಾಕಿದಳು.

"ಮುಟ್ಟಬೇಡ. ನಡುವಿನಿಂದ ಒಂದು ಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತದೆ," ಎಂದರು ಅಪ್ಪ.

"ಹಾಗಾದರೆ ಅಂಗಡಿಯಿಂದ ತನ್ನಿ."

"ಮನೆಯಲ್ಲಿ ಇಷ್ಟು ಇಟ್ಟುಕೊಂಡು ನಾನು ಕಾರ್ಕಳ ಪೇಟೆಯಲ್ಲಿ ಬೆಳ್ಳುಳ್ಳಿ ಕೊಳ್ಳುವುದಾ? ಜನ ಎಂತ ಹೇಳಿಯಾರು?"

ಒಳಗೆ ಎದೆಹಾಲು ಸಾಲದೆ ಮಗು ಅತ್ತು ಅತ್ತು ಸೋಲುತ್ತಿತ್ತು. ಜಗಲಿಯಲ್ಲಿ ಪಾಠ ನಡೆಯುತ್ತಲೇ ಇತ್ತು. ಅಪ್ಪನ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಮಾತ್ರ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು.

ಕೆಲವೇ ದಿನಗಳಲ್ಲಿ ಬಾಣಂತಿ ಕೋಣೆಯಿಂದ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ಘಮ ಬರತೊಡಗಿತು. ಮಗು ಹೊಟ್ಟೆ ತುಂಬಿ ಮಲಗತೊಡಗಿತು. ಅಪ್ಪ ಥಟ್ಟನೆ ಜಡೆಯತ್ತ ನೋಡಿದರು. ಒಂದು ಗಡ್ಡೆಯೂ ಕಡಿಮೆಯಾಗಿರಲಿಲ್ಲ. ಮತ್ತೆ ಎಲ್ಲಿಂದ ಬಂತೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ.

ಮೊಮ್ಮಗುವನ್ನು ನೋಡಲು ಕಾಪುವಿನಿಂದ ಅಕ್ಕನ ಮಾವ ಬಂದರು. ಪಾಠವನ್ನೆಲ್ಲ ಕೇಳಿ, "ಬಿತ್ತಲಿಕ್ಕೆ ನನಗೂ ಒಂದು ಕೊಡಿ ಮಾರಾಯ್ರೆ," ಎಂದರು. ಬೀಗರಿಗೆ ಇಲ್ಲ ಎನ್ನಲಾದೀತೇ? ಅಪ್ಪ ಮಹಾದಾನಿಯ ಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಿತ್ತು ಕೊಟ್ಟರು. ಮಾವ ಹಿಡಿದು ಒತ್ತಿದರೆ ಅದು ಅಂಗೈಯಲ್ಲೇ ಚಪ್ಪಟೆಯಾಯಿತು. ಗೋಡೆಯ ಕಡೆಗಿದ್ದ ಬದಿಯಲ್ಲಿ ಒಂದು ಸೀಳು, ಅದರಿಂದ ದೀಪದ ಬತ್ತಿ ಹೊಸೆಯುವ ಹತ್ತಿ ಇಣುಕಿತು.

"ಇದೆಂತ, ಹತ್ತಿ ಅಲ್ವಾ?"

ಅಮ್ಮ ಬಾಗಿಲಿಗೆ ಬಂದು ನಿಂತಳು.

"ಬೆಳ್ಳುಳ್ಳಿ ನಿಮ್ಮ ಸೊಸೆಯ ಹೊಟ್ಟೆಯಲ್ಲಿ ಉಂಟು. ಇವರಿಗೆ ತೋರಿಸಲಿಕ್ಕೆ ಸಿಪ್ಪೆ ಸಾಕಲ್ವಾ, ಅದನ್ನು ಬಿಟ್ಟಿದ್ದೇನೆ."

ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಪ್ಪ ಅವರ ಕೈಯಿಂದ ಆ ಸಿಪ್ಪೆಯನ್ನು ತೆಗೆದುಕೊಂಡರು. ಹತ್ತಿಯನ್ನು ಒಳಗೆ ತುರುಕಿ, ಉಬ್ಬಿಸಿ, ಜಡೆಯಲ್ಲಿ ಅದರ ಜಾಗಕ್ಕೇ ಸಿಕ್ಕಿಸಿದರು, ಸೀಳು ಗೋಡೆಯ ಕಡೆಗೆ ಬರುವಂತೆ.